ಹೆಸರು ಇಳಕಲ್ಲಿನದು, ಬಟ್ಟೆ ಎಲ್ಲಿಯದು?

ಸೀರೆ ಬೇಕೆಂದರೆ ಊರಿಗೇ ಹೋಗಿ ತರಬೇಕೆಂಬ ಕಾಲ ಹೋಯಿತು. ಇಳಕಲ್ ಸೀರೆಯನ್ನೂ ಗುಳೇದಗುಡ್ಡದ ಖಣವನ್ನೂ ಆನ್‌ಲೈನ್ ಅಂಗಡಿಗಳು ಚೆನ್ನೈನ ನಮ್ಮ ಮನೆಬಾಗಿಲಿಗೇ ತಲುಪಿಸುತ್ತವೆ. ಸಂತೋಷ. ಆದರೆ ಅಲ್ಲಿ ಮಾರಾಟವಾಗುತ್ತಿರುವುದು ಬಟ್ಟೆಯೋ, ಬರಿಯ ಹೆಸರೋ?

“ಇಳಕಲ್ ಮಾದರಿ” ಎಂದರೇನು? ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಸೇರಿಸುತ್ತಾರೆ. ನಾವು ಬೆಲೆ ಕೊಡುವುದು ಆ ಶ್ರಮಕ್ಕೆ. ಯಂತ್ರಮಗ್ಗದ ಬಟ್ಟೆಗೆ ಅದೇ ಹೆಸರು ಅಂಟಿಸುವುದು ನೇಕಾರನ ಅನ್ನಕ್ಕೆ ಕನ್ನ ಹಾಕಿದಂತೆ. ಇಳಕಲ್, ಮೊಳಕಾಲ್ಮೂರು, ಮೈಸೂರು ರೇಷ್ಮೆ, ಗುಳೇದಗುಡ್ಡ ಖಣ ಇವಕ್ಕೆಲ್ಲ 1999ರ ಕಾಯಿದೆಯಡಿ ಭೌಗೋಳಿಕ ಸೂಚಕದ ರಕ್ಷಣೆಯಿದೆ. ಆ ಹೆಸರುಗಳನ್ನು ನೋಂದಾಯಿಸುವ ಕಚೇರಿ ಇರುವುದು ನಮ್ಮ ಗಿಂಡಿಯಲ್ಲೇ! ದೀಪದ ಬುಡದಲ್ಲೇ ಕತ್ತಲೆ.

“ಬಣ್ಣ ತುಸು ಬೇರೆಯಾಗಬಹುದು” ಎಂದು ಅಂಗಡಿಯವರು ಕೈತೊಳೆದುಕೊಂಡರೆ ಸಾಲದು. ಕೈಮಗ್ಗವೋ ಯಂತ್ರಮಗ್ಗವೋ, ಒಡಲಿಗೆ ಯಾವ ನೂಲು, ಸೆರಗಿಗೆ ಯಾವುದು, ಉದ್ದ ಅಗಲವೆಷ್ಟು, ರವಿಕೆ ಬಟ್ಟೆ ಸೇರಿದೆಯೇ, ನೇಯ್ದ ಊರು ಯಾವುದು, ಇಷ್ಟನ್ನೂ ಬರೆಯಲಿ. ಹಗಲ ಬೆಳಕಿನಲ್ಲಿ ತೆಗೆದ ಚಿತ್ರ ಹಾಕಲಿ. ಬಟ್ಟೆಯ ಹಿಂಬದಿಯನ್ನೂ ತೋರಿಸಲಿ. ಕೇಳಿದವರಿಗೆ ಅಂಗೈಯಗಲದ ತುಣುಕನ್ನು ಅಂಚೆಯಲ್ಲಿ ಕಳಿಸಲಿ. ದಡಿ, ಸೆರಗು, ಖಣ ಎಂಬ ಮಾತುಗಳನ್ನು ಕನ್ನಡದಲ್ಲೇ ಅಚ್ಚುಕಟ್ಟಾಗಿ ಬರೆಯಲಿ.

ಇದಕ್ಕೆಲ್ಲ ಖರ್ಚಾಗುತ್ತದೆ ಎನ್ನುವರು. ಒಪ್ಪದ ಸೀರೆ ವಾಪಸಾದಾಗ ಎರಡು ಬಾರಿ ಸಾಗಿಸುವ ಖರ್ಚು ಯಾರದು?

ವಾಚಕರಲ್ಲಿ ನಮ್ಮ ವಿನಂತಿ ಇಷ್ಟೆ: ಅಗ್ಗವೆಂದು ಮುಗಿಬೀಳದೆ ಮೊದಲು ಈ ಪ್ರಶ್ನೆಗಳನ್ನು ಕೇಳೋಣ. ಉತ್ತರ ಕೊಡದ ಅಂಗಡಿಗೆ ನಮ್ಮ ದುಡ್ಡೂ ಬೇಡ.