ಅಚ್ಚುಚಿತ್ರದ ಸಾಕ್ಷ್ಯ: ಕಂಡದ್ದೆಷ್ಟು, ಕಲ್ಪಿಸಿದ್ದೆಷ್ಟು?

ಜೇಮ್ಸ್ ಫರ್ಗುಸನ್ 1876ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಭಾರತೀಯ ವಾಸ್ತುಶಿಲ್ಪದ ಇತಿಹಾಸದಲ್ಲಿ ಹಳೇಬೀಡಿನ ಎರಡು ದೇವಾಲಯಗಳ ಅಚ್ಚುಚಿತ್ರಗಳಿವೆ. ಎರಡನ್ನೂ ಮರದ ಪಡಿಯಚ್ಚಿನಲ್ಲಿ ಕೊರೆದು ಮುದ್ರಿಸಲಾಗಿದೆ. ನೋಡಲು ಒಂದೇ ಬಗೆಯವು. ಆದರೆ ಅವು ಹೇಳುವ ಸಾಕ್ಷ್ಯ ಒಂದೇ ಬಗೆಯದಲ್ಲ.

ಮೊದಲನೆಯದು ಕೇದಾರೇಶ್ವರ. ಎರಡನೇ ವೀರಬಲ್ಲಾಳ ಮತ್ತು ರಾಣಿ ಕೇತಲದೇವಿ 1219ರ ಸುಮಾರಿಗೆ ಕಟ್ಟಿಸಿದ ಗುಡಿ. ಆಗ ಪುಸ್ತಕದ ಹಾಳೆಯಲ್ಲಿ ಅಕ್ಷರಗಳ ಜೊತೆಗೆ ಫೋಟೊ ಮುದ್ರಿಸುವುದು ಸುಲಭವಿರಲಿಲ್ಲ. ಹಾಗಾಗಿ ಕುಶಲಕರ್ಮಿಗಳು ಫೋಟೊ ನೋಡಿಕೊಂಡು ಗಟ್ಟಿಮರದ ಮೇಲೆ ಗೆರೆ ಉಳಿಸಿ ಮಿಕ್ಕಿದ್ದನ್ನು ಕೊರೆಯುತ್ತಿದ್ದರು. ಈ ಚಿತ್ರ ಹುಟ್ಟಿದ್ದೂ ಹಾಗೆಯೇ. ಇದರಲ್ಲಿ ಗುಡಿಗೆ ಶಿಖರವಿದೆ. ಶಿಖರದಲ್ಲಿ ಬೇರೂರಿದ ಮರ ಕಲ್ಲುಗಳನ್ನು ಸಡಿಲಿಸುತ್ತಿದೆ ಎಂದು ಫರ್ಗುಸನ್ ಮರುಗಿದ್ದರು. ಮುಂದೆ ಶಿಖರ ಬಿದ್ದೇಹೋಯಿತು. ಇಂದು ಅಲ್ಲಿಗೆ ಹೋದವರಿಗೆ ಕಾಣುವುದು ಶಿಖರವಿಲ್ಲದ ಗುಡಿ. ಅದರ ಪೂರ್ಣರೂಪ ಉಳಿದಿರುವುದು ಹಳೆಯ ಫೋಟೊಗಳಲ್ಲಿ ಮತ್ತು ಇಂಥ ಚಿತ್ರದಲ್ಲಿ.

ಎರಡನೆಯದು ಹೊಯ್ಸಳೇಶ್ವರ. ಇಲ್ಲಿಯೂ ಶಿಖರಗಳಿವೆ, ಆದರೆ ಅವನ್ನು ಫರ್ಗುಸನ್ ನೋಡಿರಲಿಲ್ಲ. ಗುಡಿ ಪೂರ್ಣಗೊಂಡಿದ್ದರೆ ಹೀಗಿರುತ್ತಿತ್ತು ಎಂದು ಊಹಿಸಿ ಬರೆಸಿದ ನೋಟ ಅದು, ಶೀರ್ಷಿಕೆಯಲ್ಲೇ ಹಾಗೆಂದು ಸೂಚಿಸಿದ್ದರು. ರಿಚರ್ಡ್ ಓಕ್ಲಿ 1859ರಲ್ಲಿ ಪ್ರಕಟಿಸಿದ ಫೋಟೊಗಳಲ್ಲೂ ಹೊಯ್ಸಳೇಶ್ವರಕ್ಕೆ ಶಿಖರವಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ವಿಯೆನ್ನಾದ ಷೋನ್‌ಬ್ರುನ್ ಅರಮನೆಯನ್ನು ಬೆಟ್ಟದ ನೆತ್ತಿಯ ಮೇಲೆ ತೋರಿಸುವ ಭವ್ಯ ಅಚ್ಚುಚಿತ್ರವೊಂದಿದೆ. ವಾಸ್ತುಶಿಲ್ಪಿ ಫಿಷರ್ ಫಾನ್ ಎರ್ಲಾಖ್ ಅದನ್ನು 1721ರ ತಮ್ಮ ಪುಸ್ತಕದಲ್ಲಿ ಸೇರಿಸಿದರು. ಚಕ್ರವರ್ತಿಗಳ ಆ ಬರೋಕ್ ಅರಮನೆ ನಿಜವಾಗಿ ಎದ್ದದ್ದು ಬೆಟ್ಟದ ಬುಡದಲ್ಲಿ. ನೆತ್ತಿಯ ಅರಮನೆ ಕಾಗದದಲ್ಲೇ ಉಳಿಯಿತು.

ತೊಂದರೆ ಆಗುವುದು ಹಾಳೆಯನ್ನು ಪುಸ್ತಕದಿಂದ ಕತ್ತರಿಸಿದಾಗ. ಶೀರ್ಷಿಕೆ, ಪುಟಸಂಖ್ಯೆ, ಪಕ್ಕದ ವಿವರಣೆ ಕಳಚಿದರೆ ಕಂಡದ್ದಕ್ಕೂ ಕಲ್ಪಿಸಿದ್ದಕ್ಕೂ ಇರುವ ಗೆರೆ ಅಳಿಸಿಹೋಗುತ್ತದೆ. ಆಗ ಊಹೆಯೇ ಇತಿಹಾಸವೆನಿಸಿಕೊಳ್ಳುತ್ತದೆ.

ಆದ್ದರಿಂದ ಇಂಥ ಚಿತ್ರ ಕೈಗೆ ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ಪುಸ್ತಕದ್ದು, ಯಾವುದನ್ನು ನೋಡಿ ಬರೆದದ್ದು, ಅದೇ ಕಾಲದ ಬೇರೆ ಸಾಕ್ಷ್ಯ ಏನು ಹೇಳುತ್ತದೆ? ಹೋಲಿಸಲು ಕಲ್ಲಿನ ಸಾಕ್ಷ್ಯವೂ ಹತ್ತಿರದಲ್ಲೇ ಇದೆ. ಅರಸೀಕೆರೆಯ ಶಿವಾಲಯ 1220ರ ಸುಮಾರಿನದು, ಅಂದರೆ ಕೇದಾರೇಶ್ವರದ ಓರಗೆಯದು. ನಕ್ಷತ್ರಾಕಾರದ ಆ ಗುಡಿಯ ಮೇಲೆ ಶಿಖರ ಇಂದಿಗೂ ನಿಂತಿದೆ. ನಮ್ಮ ಶಾಲೆಗಳು ಮಕ್ಕಳನ್ನು ಹಳೇಬೀಡಿಗೆ ಕರೆದೊಯ್ಯುವಾಗ ಈ ಎರಡು ಚಿತ್ರಗಳ ಪ್ರತಿಯನ್ನು ಶೀರ್ಷಿಕೆಸಮೇತ ಅವರ ಕೈಗೆ ಕೊಡಲಿ.