ಮಣ್ಣು ಮುಟ್ಟಿದ ಕೈ

“ಮಣ್ಣು ಕಲಸುವುದಕ್ಕೆ ಹುಡುಗಿಯನ್ನು ಹೈಸ್ಕೂಲಿಗೆ ಕಳುಹಿಸಬೇಕೇ?” ಎಂದು ಸರಸ್ವತಿ ನಗರದ ಪೋಷಕರೊಬ್ಬರು ನನ್ನನ್ನು ಕೇಳಿದರು. ಚಿತ್ರಕಲೆಯ ಪಾಠದಲ್ಲಿ ವಾರಕ್ಕೊಂದು ಗಂಟೆಯನ್ನು ಕುಂಬಾರಿಕೆಗೆ ಮೀಸಲಿಡಬೇಕೆಂಬ ನಮ್ಮ ಆಲೋಚನೆಯು ಅವರ ಕಿವಿಗೆ ಬಿದ್ದಿತ್ತು. ಪ್ರಶ್ನೆಯು ನ್ಯಾಯವಾದುದೇ. ಉತ್ತರ ಹೇಳುವ ಮೊದಲು ನಾನು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ, ಉಗುರಿನ ಸಂದಿಯಲ್ಲಿ ಮಣ್ಣಿದ್ದ ಬಾಲಿಕೆಯೊಬ್ಬಳನ್ನು ಇಡೀ ತರಗತಿಯ ಎದುರಿನಲ್ಲಿ ಗದರಿಸಿ, ಕೈ ತೊಳೆದು ಬಾ ಎಂದು ಹೊರಗೆ ಕಳುಹಿಸಿದೆನು. ಅವಳು ಬೆಳಗಿನ ಜಾವದಲ್ಲೆದ್ದು ತಾಯಿಯೊಡನೆ ಮಣ್ಣು ಹದಮಾಡಿ ಬಂದಿದ್ದಳೆಂದು ಆಮೇಲೆ ತಿಳಿಯಿತು. ಅಂದಿನಿಂದ ಅವಳು ಮನೆಯ ಕಸುಬನ್ನು ಯಾರ ಮುಂದೆಯೂ ಹೇಳಲಿಲ್ಲ. ಶುಚಿತ್ವವನ್ನು ಕಲಿಸಲು ಹೋಗಿ ನಾಚಿಕೆಯನ್ನು ಕಲಿಸಿದೆನು.

ಇದು ನಾಚಿಕೆಪಡತಕ್ಕ ಕಸುಬೇ? ಪ್ರವಾದಿಯಾದ ಯೆರೆಮೀಯನು ದೇವರ ಮಾತನ್ನು ಕೇಳುವುದಕ್ಕೆ ಕುಂಬಾರನ ಮನೆಗೆ ಇಳಿದುಹೋದನು. ಕವಿ ಹರಿಹರನು ಕುಂಬಾರ ಗುಂಡಯ್ಯನ ಭಕ್ತಿಯನ್ನು ಕುರಿತು ರಗಳೆಯನ್ನೇ ರಚಿಸಿದನು. ನೆರೆಯ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ಮಾಡಿಸಿದಾಗ, ಕೆಳಗಿನ ಸ್ತರಗಳಲ್ಲಿ ತಿಗರಿಯಿಲ್ಲದೆ ಕೈಯಿಂದಲೇ ಮಾಡಿದ ಬೂದುಬಣ್ಣದ ಮಡಕೆಗಳೂ, ಅದಕ್ಕಿಂತ ಈಚಿನ ಸ್ತರದಲ್ಲಿ ಒಳಗೆ ಕಪ್ಪಾಗಿ ಹೊರಗೆ ಕೆಂಪಾಗಿರುವ ಪಾತ್ರೆಗಳೂ ದೊರೆತವು. ಆ ಎರಡು ಬಣ್ಣಗಳು ಕುಂಚದಿಂದ ಬಳಿದುವಲ್ಲ, ಬೆಂಕಿಯಿಂದ ಬಂದುವು. ಪಾತ್ರೆಯನ್ನು ಬೋರಲು ಹಾಕಿ ಸುಟ್ಟಾಗ, ಗಾಳಿ ತಗಲಿದ ಹೊರಮೈಯು ಮಣ್ಣಿನೊಳಗಿನ ಕಬ್ಬಿಣದ ಅಂಶದಿಂದ ಕೆಂಪಾಗುವುದು. ಗಾಳಿ ಸಿಕ್ಕದ ಒಳಮೈಯು ಹೊಗೆಯನ್ನು ಹೀರಿ ಕಪ್ಪಾಗುವುದು. ರಸಾಯನಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಇದಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ನಮ್ಮ ಸೀಮೆಯಲ್ಲಿಯೇ ಉಂಟು. ಕೆರೆಯಂಗಳದಲ್ಲಿ ಜೇಡಿಮಣ್ಣು, ಭದ್ರಾ ನಾಲೆಯ ಗದ್ದೆಗಳಿಂದ ಆವಿಗೆಗೆ ಹುಲ್ಲು ಮತ್ತು ಹೊಟ್ಟು, ಹರಿಹರದ ಹೊಳೆಯ ದಡದಲ್ಲಿ ನುಣುಪಾದ ಕಲ್ಲು. ಅರೆಯೊಣಗಿದ ಪಾತ್ರೆಯನ್ನು ಆ ಕಲ್ಲಿನಿಂದ ಉಜ್ಜಿದರೆ ಬಣ್ಣವಿಲ್ಲದೆಯೇ ಹೊಳಪು ಬರುವುದು. ಸೋರೆಬುರುಡೆಯನ್ನು ಮುಂದಿಟ್ಟುಕೊಂಡು ಹೂಜಿಯ ಆಕಾರವನ್ನು ಕಲಿಯಬಹುದು. ಹಸಿ ಮಣ್ಣಿನ ಮೇಲೆ ಅರಳಿಯ ಎಲೆಯನ್ನು ಒತ್ತಿದರೆ ಒಂದೊಂದು ನರವೂ ಮೂಡುವುದು. ಎಲೆಯ ನರಗಳನ್ನು ಪುಸ್ತಕದಲ್ಲಿ ಮಾತ್ರ ಓದಿದವಳು ಮರೆತಾಳು. ಬೆರಳಿನಿಂದ ಒತ್ತಿ ನೋಡಿದವಳು ಮರೆಯಳು.

ಮಿಶನ್ನಿನ ಅನ್ನವನ್ನು ಉಂಡು ಓದಿದ ನಾನು ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಅದರಿಂದ ಅನೇಕ ಕುಟುಂಬಗಳಿಗೆ ಜೀವನೋಪಾಯವಾಯಿತು. ಆದರೆ ಯಂತ್ರದ ಹೆಂಚು ಹಬ್ಬಿದಂತೆಲ್ಲ ಹಳ್ಳಿಯ ಕುಂಬಾರನ ಕೈಹೆಂಚಿಗೆ ಗಿರಾಕಿಗಳು ಕಡಿಮೆಯಾದರು. ಅನಂತರ ಅಲ್ಯುಮಿನಿಯಮ್ಮೂ ಪ್ಲಾಸ್ಟಿಕ್ಕೂ ಬಂದು ಗಡಿಗೆಯನ್ನು ಅಡಿಗೆಮನೆಯಿಂದ ಹೊರಗಟ್ಟಿದುವು. ಹೀಗಿರಲಾಗಿ ಈ ಕಸುಬಿಗೆ ಮರ್ಯಾದೆಯನ್ನಾದರೂ ಹಿಂದಿರುಗಿಸುವುದು ನಮ್ಮ ಶಾಲೆಗಳ ಕರ್ತವ್ಯವಲ್ಲವೇ?

ಇದು ಹೆಣ್ಣುಮಕ್ಕಳ ಶಾಲೆಗೆ ವಿಶೇಷವಾಗಿ ಸೇರಿದ ವಿಷಯ. ಮಣ್ಣನ್ನು ಹದಮಾಡುವ ಶ್ರಮದಲ್ಲಿ ಹೆಂಗಸರಿಗೆ ಪಾಲುಂಟು. ತಿಗರಿಯನ್ನು ಮಾತ್ರ ಅವರು ಮುಟ್ಟಬಾರದೆಂಬ ಕಟ್ಟಳೆ ಬಹುಕಡೆ ಇದೆ. ನಿಮ್ಮ ಮಗಳನ್ನು ಕುಂಬಾರಳನ್ನಾಗಿ ಮಾಡಬೇಕೆಂಬುದು ನಮ್ಮ ಉದ್ದೇಶವಲ್ಲ. ಅವಳೇ ಬಯಸಿದರೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಅದಕ್ಕೆ ತರಬೇತಿಯ ಸಂಸ್ಥೆಯೇ ಇದೆ. ಕೈಯಿಂದ ದುಡಿಯುವವರನ್ನು ಅವಳು ಕೀಳಾಗಿ ಕಾಣಬಾರದು, ತನ್ನ ಕೈಯನ್ನೂ ಕೀಳೆಂದು ತಿಳಿಯಬಾರದು. ಇಷ್ಟೇ ನಮ್ಮ ಆಶೆ.

ಸುಮಾರು ೬೦೦ ಡಿಗ್ರಿಯ ಶಾಖವನ್ನು ದಾಟಿದ ಮಣ್ಣು ಎಷ್ಟು ನೆನೆಸಿದರೂ ಮತ್ತೆ ಕೆಸರಾಗದು. ಎಳೆಯ ಮನಸ್ಸನ್ನು ಸುಟ್ಟ ಮಾತೂ ಹಾಗೆಯೇ. ನಾನು ಆಡಿದುದನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆನು. ಆದರೆ ನಮ್ಮ ಮಕ್ಕಳಿಗೆ ಮೊದಲನೆಯ ಪಾಠವನ್ನು ಹೇಳಿಕೊಡಲು ಆ ಬಾಲಿಕೆಯ ತಾಯಿಯವರನ್ನೇ ತಕ್ಕ ಸಂಭಾವನೆ ಕೊಟ್ಟು ಕರೆಯಬೇಕೆಂದು ನಿಶ್ಚಯಿಸಿದ್ದೇನೆ. ಕೇಳಿಕೊಳ್ಳುವುದಕ್ಕೆ ಅವರ ಮನೆಗೆ ನಾನೇ ಹೋಗುವೆನು.