ಖಾಲಿ ಚೆಕ್ಕಿಗೆ ಸಹಿ ಹಾಕುವ ಮುನ್ನ



2018ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ರೈತರಿಗೆ ದೂರದ ಕೋಲ್ಕತ್ತಾ ನ್ಯಾಯಾಲಯದಿಂದ ವಾರಂಟು ಬಂದವು. ಅವರೇನು ಕಳವು ಮಾಡಿದ್ದರೆ? ಇಲ್ಲ, ಖಾಸಗಿ ಬ್ಯಾಂಕಿನ ಸಾಲಕ್ಕೆ ಕೊಟ್ಟ ಚೆಕ್ಕು ವಾಪಸಾಗಿದ್ದವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನಮಗೂ ಇದು ದೂರದ ಮಾತಲ್ಲ.

ಬೆಳೆ ಹೋಗಿ, ದರ ಬಿದ್ದು ಸಾಲ ತೀರಿಸಲಾಗದಿದ್ದರೆ ಅದು ಅಪರಾಧವಲ್ಲ, ಸಿವಿಲ್ ದಾವೆಯ ಮಾತು. ಆದರೆ ಸಾಲಕ್ಕೆ ಕೊಟ್ಟ ಚೆಕ್ಕು ಹಣವಿಲ್ಲದೆ ಮರಳಿದರೆ 138ನೇ ಕಲಮಿನಂತೆ ಕ್ರಿಮಿನಲ್ ಕೇಸು. ಎರಡು ವರ್ಷದವರೆಗೆ ಸಜೆ, ಚೆಕ್ಕಿನ ಇಮ್ಮಡಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

'ಖಾಲಿ ಚೆಕ್ಕಿಗೆ ಬರೇ ಸಹಿ ಮಾಡೀನಿ' ಅಂದರೆ ಸಾಲದು. ಸಹಿ ನಿಮ್ಮದಾದರೆ ಬಾಕಿ ಇತ್ತೆಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹಕ್ಕು ನಿಮಗುಂಟು. ಅದಕ್ಕೆ ಪುರಾವೆ ಬೇಕು. ಕಂತಿನ ರಸೀತಿ, ಪಾಸ್‌ಬುಕ್ಕು ಕಾದಿಡ್ರಿ. ಕೊಟ್ಟ ಚೆಕ್ಕಿನ ನಂಬರು ಬರೆದಿಡ್ರಿ.

ರಿಜಿಸ್ಟರ್ ನೋಟೀಸು ಬಂದಾಗ 'ಮನ್ಯಾಗ ಇಲ್ಲ' ಅನ್ನಬ್ಯಾಡ್ರಿ. ಒಲ್ಲೆನೆಂದರೂ ಮುಟ್ಟಿತೆಂದೇ ಲೆಕ್ಕ. ಮುಟ್ಟಿದ 15 ದಿನದೊಳಗೆ ಚೆಕ್ಕಿನ ಹಣ ಕಟ್ಟಿದರೆ ಕೇಸು ನಿಲ್ಲದು. ಕಟ್ಟಲಾಗದಿದ್ದರೆ, ತಕರಾರಿದ್ದರೆ, ವಕೀಲರಿಂದ ಉತ್ತರ ಬರೆಸ್ರಿ.

ವಾರಂಟು ಬಂದರೂ ಓಡಬ್ಯಾಡ್ರಿ. ಇದು ಜಾಮೀನು ಸಿಗುವ ಅಪರಾಧ. ಹಿಡಿದವರು ಕಾರಣ ಹೇಳಲೇಬೇಕು. ಪ್ರಯಾಣದ ವೇಳೆ ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ವಕೀಲರ ಫೀ ಕೊಡಲಾಗದ ಬಡವರು, ಹೆಣ್ಣುಮಕ್ಕಳು, ಪರಿಶಿಷ್ಟರು ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು.

ಸಾಲಗಾರ ಕಳ್ಳನಲ್ಲ. ಹೊಲದ ಉತಾರ ಜೋಪಾನ ಮಾಡಿದಂತೆ ನಿಮ್ಮ ಸಹಿಯನ್ನೂ ಜೋಪಾನ ಮಾಡ್ರಿ.